ಗೀಸರಿನ ಮೂಗು

ನನ್ನ ಬಾಲ್ಯದ ಮನೆಯ ಬಚ್ಚಲಿನಲ್ಲಿ ಒಂದು ತಾಮ್ರದ ಹಂಡೆಯಿತ್ತು. ಅದಕ್ಕೆ ಬರಬಹುದಾದ ಕಾಯಿಲೆಗಳು ಎರಡೇ: ಸೌದೆ ಹಸಿಯಾಗಿರುವುದು, ಇಲ್ಲವೆ ಹಂಡೆ ಸೋರುವುದು. ಎರಡೂ ಕಣ್ಣಿಗೆ ಕಾಣುವಂಥವು. ಬೆಂಗಳೂರಿನಲ್ಲಿ ಮನೆಮಾಡಿದ ಮೇಲೆ ಹಂಡೆಯ ಸ್ಥಾನಕ್ಕೆ ಗೀಸರು ಬಂದಿತು. ತಲೆಗಿಂತ ಎತ್ತರದಲ್ಲಿ, ಬಿಳಿಯ ಅಂಗಿ ತೊಟ್ಟು ಗೋಡೆಯ ಮೇಲೆ ಕುಳಿತ ಅದರ ಹೊಟ್ಟೆಯೊಳಗೆ ಏನು ನಡೆಯುತ್ತದೆಂದು ತಿಳಿಯುವ ಗೋಜಿಗೆ ನಾನು ಹೋಗಿರಲಿಲ್ಲ.

ನೀರು ಕಾಯುವಾಗಲೆಲ್ಲ ಅದರ ಅಡಿಯಲ್ಲಿದ್ದ ಪುಟ್ಟ ಮೂತಿಯೊಂದು ತೊಟ್ಟಿಕ್ಕುತ್ತಿತ್ತು. ಬೇಸಿಗೆಯಲ್ಲಿ ಹಣ ತೆತ್ತು ಟ್ಯಾಂಕರಿನ ನೀರು ತರಿಸುವವರಿಗೆ ಹನಿಯೂ ದೊಡ್ಡದೇ. ಮರದ ಬೆಣೆಯೊಂದನ್ನು ಕೆತ್ತಿ, ಅರಿವೆ ಸುತ್ತಿ, ಆ ಮೂತಿಗೆ ಬಿಗಿಯಾಗಿ ಹೊಡೆದೆ. ತೊಟ್ಟಿಕ್ಕುವುದು ನಿಂತಿತು. ನನ್ನ ಜಾಣ್ಮೆಯನ್ನು ಮನೆಯವರೆದುರು ಹೊಗಳಿಕೊಂಡದ್ದೂ ಉಂಟು.

ಕೆಲವು ವಾರಗಳಲ್ಲಿ ಬಿಸಿನೀರಿನ ನಲ್ಲಿ ಸೊರಗಿತು. ಎಂಬತ್ತು ದಾಟಿದ ನನ್ನ ತಾಯಿ, ಬಕೆಟ್ಟು ತುಂಬುವ ತನಕ ಚಳಿಯಲ್ಲಿ ನಿಲ್ಲಬೇಕಾಯಿತು. ಪ್ಲಂಬರನನ್ನು ಕರೆಸಿದೆ. ವಯಸ್ಸಾದ ಆತ ಮೊದಲು ತಣ್ಣೀರಿನ ನಲ್ಲಿಯನ್ನು ತಿರುಗಿಸಿದ. ನೀರು ಧಾರಾಳವಾಗಿ ಧುಮುಕಿತು. "ಮೇಲಿನ ತೊಟ್ಟಿಯಲ್ಲಿ ದೋಷವಿಲ್ಲ ಸ್ವಾಮಿ. ಇರುವುದು ಗೀಸರಿನಲ್ಲೋ ಬಿಸಿನೀರಿನ ಕೊಳವೆಯಲ್ಲೋ" ಎಂದು ತಲೆಯೆತ್ತಿದವನ ಮುಖ ಬಿಗಿಯಿತು. "ಈ ಬೆಣೆ ಹೊಡೆದವರು ಯಾರು?"

ನಾನು ಉತ್ತರಿಸಲಿಲ್ಲ, ಆತನಿಗೆ ಅರ್ಥವಾಯಿತು. ವಿದ್ಯುತ್ತನ್ನು ನಿಲ್ಲಿಸಿ, ನೀರು ಬರುವ ದಾರಿಯನ್ನು ಮುಚ್ಚಿ, ಬಿಸಿನೀರಿನ ನಲ್ಲಿಯನ್ನು ತೆರೆದಿಟ್ಟ. ಎಲ್ಲವೂ ತಣಿಯುವವರೆಗೆ ಬೆಣೆಯನ್ನು ಮುಟ್ಟಲಿಲ್ಲ. "ಅದು ಗೀಸರಿನ ಮೂಗು ಸ್ವಾಮಿ. ಮೂಗು ಮುಚ್ಚಿದರೆ ಬದುಕುವುದು ಹೇಗೆ?" ಎಂದ.

ಕಾದ ನೀರು ಹಿಗ್ಗುತ್ತದೆಂಬುದನ್ನು ನಾನೂ ಶಾಲೆಯಲ್ಲಿ ಓದಿದ್ದೆ. 25 ಲೀಟರ್ ನೀರು 25 ಡಿಗ್ರಿ ಸೆಲ್ಸಿಯಸ್‌ನಿಂದ 65 ಡಿಗ್ರಿಗೆ ಏರಿದರೆ ಸುಮಾರು 400 ಮಿಲಿಲೀಟರಿನಷ್ಟು ಹೆಚ್ಚುತ್ತದೆ. ಒಳಬಂದ ನೀರನ್ನು ಹಿಂದಕ್ಕೆ ಬಿಡದ ಕವಾಟವಿರುವಲ್ಲಿ, ಹೆಚ್ಚಾದುದು ಹೊರಹೋಗಲು ಆ ಮೂತಿಯೊಂದೇ ದಾರಿ. ಶಾಖವನ್ನು ಹಿಡಿತದಲ್ಲಿಡುವ ಥರ್ಮೋಸ್ಟ್ಯಾಟ್ ಕೆಟ್ಟು, ನೀರು ಕಾಯುತ್ತಲೇ ಹೋಗಿದ್ದರೆ ಗೀಸರು ಸಿಡಿಯುತ್ತಿತ್ತು. ಅದರ ನೇರ ಕೆಳಗೆ, ಮಣೆಯ ಮೇಲೆ ಕುಳಿತು, ತಾಯಿ ದಿನವೂ ಸ್ನಾನಮಾಡುತ್ತಿದ್ದರು. ನಾನು ಆ ಮಣೆಯನ್ನೇ ನೋಡುತ್ತ ನಿಂತೆ.

ನಲ್ಲಿ ಸೊರಗಿದ ಕಾರಣ ಬೇರೆಯೇ ಆಗಿತ್ತು. ನಮ್ಮದು ಕೊಳವೆಬಾವಿಯ ಗಡಸು ನೀರು. ಕಾದಾಗ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟು, ಕರಗದ ಕಾರ್ಬನೇಟಾಗಿ ಕೂಡುತ್ತದೆ. ಗೀಸರಿನ ಹೊಟ್ಟೆಯಿಂದ ಚೊಂಬಿನಷ್ಟು ಸುಣ್ಣದ ಚೂರುಗಳು ಹೊರಬಂದವು. ಬಿಸಿನೀರು ಹೊರಡುವ ಕೊಳವೆಯ ಬಾಯಿಯೂ ಅದರಿಂದಲೇ ಕಟ್ಟಿತ್ತು. ಎಲ್ಲವನ್ನೂ ಕೆರೆದು ತೊಳೆದು, ಹೊಸ ಕವಾಟವನ್ನು ಕೂಡಿಸಿ, "ಕಾಯಿಸದಿದ್ದಾಗಲೂ ಹನಿ ನಿಲ್ಲದಿದ್ದರೆ ನನಗೆ ಹೇಳಿಕಳುಹಿಸಿ, ನೀವು ಮಾತ್ರ ಬೆಣೆ ಕೆತ್ತಬೇಡಿ" ಎಂದು ಆತ ಚೀಲವನ್ನು ಹೆಗಲಿಗೇರಿಸಿದ.

ಈಗ ಆ ಮೂತಿಯ ಕೆಳಗೆ ಒಂದು ತಂಬಿಗೆಯಿದೆ. ಸಂಜೆಯ ವೇಳೆಗೆ ಅದರಲ್ಲಿ ಸೇರಿದ ನೀರನ್ನು ತಾಯಿ ತುಳಸಿಗೆ ಎರೆಯುತ್ತಾರೆ.