ಇನ್ನೊಬ್ಬರು ನೋಡಿಕೊಳ್ಳುತ್ತಾರೆ



ಒಂದು ಮಳೆಗಾಲ ಒಬ್ಬ ತಾಯಿ ಮಗಳೊಡನೆ ನಮ್ಮ ಕಚೇರಿಗೆ ಬಂದರು. "ಫಾದರ್, ಇವಳ ನರ್ಸಿಂಗ್ ಓದಿಗೆ ಬ್ಯಾಂಕಿನಲ್ಲಿ ಸಾಲ ಕೇಳಿದ್ದೇವೆ, ನಿಮ್ಮದೊಂದು ಪತ್ರ ಬೇಕು" ಎಂದರು. ಸೀಟು ಕೊಡಿಸಿದವನು ಏಜೆಂಟ್. ಕಾಲೇಜಿನ ಹೆಸರು ನಾವು ಕೇಳಿದ್ದಲ್ಲ. ಬ್ಯಾಂಕಿನವರು ವಿಚಾರಿಸುತ್ತಾರಲ್ಲ ಎಂದುಕೊಂಡು ಸಹಿ ಹಾಕಿ ಮೊಹರು ಒತ್ತಿದೆವು.

ಮೊದಲ ಕಂತು ಕಾಲೇಜಿಗೆ ಹೋದ ಮೇಲೆ ತಿಳಿಯಿತು, ಆ ಕೋರ್ಸಿಗೆ ಮಾನ್ಯತೆಯೇ ಇಲ್ಲ. ಪ್ರವೇಶಪತ್ರ ಸರಿಯಾಗಿತ್ತು ಎಂದಿತು ಬ್ಯಾಂಕು. ಸಾಲ ತಾಯಿಯ ತಲೆಗೆ ಬಂತು. ಅವರು ನಮ್ಮನ್ನು ಬೈಯಲಿಲ್ಲ. "ನೀವು ಸಹಿ ಹಾಕಿದ್ದಿರಲ್ಲ ಫಾದರ್, ಎಲ್ಲ ಸರಿ ಇರಬಹುದು ಅಂದುಕೊಂಡೆ" ಎಂದರು, ಅಷ್ಟೇ. ಆ ಮಾತು ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ದೊಡ್ಡ ದೇಶಗಳಲ್ಲೂ ಹೀಗಾಗುತ್ತದೆ. ಇಂಗ್ಲೆಂಡಿನಲ್ಲಿ ವಿದ್ಯಾರ್ಥಿಗಳಿಗೆ ಸರ್ಕಾರದ ಹಣದಿಂದ ಸಾಲ ಸಿಗುತ್ತದೆ. ನಿಯಮ ಮಾಡುವುದು ಶಿಕ್ಷಣ ಇಲಾಖೆ, ಹಣ ಕೊಡುವುದು ಸ್ಟೂಡೆಂಟ್ ಲೋನ್ಸ್ ಕಂಪನಿ, ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ಆಫೀಸ್ ಫಾರ್ ಸ್ಟೂಡೆಂಟ್ಸ್ ಎಂಬ ಸಂಸ್ಥೆಯದು. ಕೆಲವು ವಿಶ್ವವಿದ್ಯಾಲಯಗಳು ಪಾಠ ಮಾಡುವ ಕೆಲಸವನ್ನು ಬೇರೆ ಸಣ್ಣ ಕಾಲೇಜುಗಳಿಗೆ ವಹಿಸಿದವು. ಅವುಗಳಲ್ಲಿ ಅನೇಕವು ಈ ಸಂಸ್ಥೆಯಲ್ಲಿ ನೋಂದಾಯಿಸಿಯೇ ಇರಲಿಲ್ಲ. ಓದುವ ಮನಸ್ಸಿಲ್ಲದೆ ಸಾಲಕ್ಕಾಗಿಯೇ ಹೆಸರು ಹಚ್ಚಿದವರು ಅಲ್ಲಿ ನುಸುಳಿದರು. 2024ರ ಜನವರಿಯಲ್ಲಿ ಬಂದ ಲೆಕ್ಕಪರಿಶೋಧನಾ ವರದಿ 3,563 ಅನುಮಾನಾಸ್ಪದ ಅರ್ಜಿಗಳನ್ನು ಹೇಳಿತು. ಅವುಗಳಿಗೆ ಸೇರಿದ ಹಣ ಸುಮಾರು 6 ಕೋಟಿ ಪೌಂಡ್. ವಿದ್ಯಾರ್ಥಿ ತರಗತಿಗೆ ಬರುತ್ತಿದ್ದಾನೆ ಎಂದು ಯಾವುದರಿಂದ ತಿಳಿಯಬೇಕು ಎಂಬುದಕ್ಕೇ ಸರಿಯಾದ ಅಳತೆ ಇರಲಿಲ್ಲ. ಹಣ ಕೊಡುವವರು ಕಾಲೇಜನ್ನು ನಂಬಿದರು, ಕಾಲೇಜಿನ ಹೊಣೆ ವಿಶ್ವವಿದ್ಯಾಲಯದ್ದೆಂದು ಉಳಿದವರು ಬಿಟ್ಟರು. 300 ವಿದ್ಯಾರ್ಥಿಗಳಿಗಿಂತ ಕಡಿಮೆಯಿಲ್ಲದ ಇಂಥ ಕಾಲೇಜುಗಳು ನೋಂದಾಯಿಸಲೇಬೇಕು ಎಂಬ ಪ್ರಸ್ತಾಪ ಬಂದದ್ದು 2025ರಲ್ಲಿ.

ಕೆಲಸವನ್ನು ಹಂಚಿಕೊಳ್ಳುವುದು ತಪ್ಪಲ್ಲ. ನಮ್ಮ ಹಬ್ಬದ ಊಟವೂ ಹಂಚಿಕೊಂಡೇ ಆಗುತ್ತದೆ. ಆದರೆ ಅನ್ನ ಯಾರದು, ಸಾರು ಯಾರದು ಎಂದು ಮೊದಲೇ ಹೇಳಿರುತ್ತೇವೆ. ಎಲ್ಲ ಆಯಿತೇ ಎಂದು ನೋಡಲು ಹಿರಿಯರೊಬ್ಬರು ಇರುತ್ತಾರೆ. ಹಾಗೆ ಹೇಳದಿದ್ದರೆ ಪಂಕ್ತಿಯಲ್ಲಿ ಕುಳಿತವರು ಬರಿ ಎಲೆ ನೋಡಬೇಕಾಗುತ್ತದೆ. ಸಾಲದ ವಿಷಯದಲ್ಲಿ ಹಾಗೆ ಕುಳಿತವರು ಬಡವರ ಮಕ್ಕಳು.

ಈಗ ನಾವು ಪತ್ರ ಬರೆಯುವ ಮೊದಲು ಕಾಲೇಜಿಗೇ ಫೋನ್ ಮಾಡುತ್ತೇವೆ. ನರ್ಸಿಂಗ್ ಆದರೆ ಆ ರಾಜ್ಯದ ನರ್ಸಿಂಗ್ ಕೌನ್ಸಿಲ್, ಇಂಜಿನಿಯರಿಂಗ್ ಆದರೆ ಎ.ಐ.ಸಿ.ಟಿ.ಇ., ವಿಶ್ವವಿದ್ಯಾಲಯವಾದರೆ ಯು.ಜಿ.ಸಿ. ಮಾನ್ಯತೆ ಇದೆಯೇ ಎಂದು ನಮ್ಮ ಯುವಕರಿಂದ ಕಂಪ್ಯೂಟರಿನಲ್ಲಿ ನೋಡಿಸುತ್ತೇವೆ. ಅರ್ಧ ಗಂಟೆಯ ಕೆಲಸ. ಬ್ಯಾಂಕು ತನ್ನ ಪಾಲಿನದನ್ನು ನೋಡಲಿ, ಸರ್ಕಾರವೂ ನೋಡಲಿ. ಆದರೆ ಆ ಪತ್ರದ ಕೆಳಗಿರುವ ಸಹಿ ನಮ್ಮದು. ಅಂದು ಆ ಅರ್ಧ ಗಂಟೆ ಕೊಟ್ಟಿದ್ದರೆ ಆ ತಾಯಿ ಇಂದು ಕಂತು ಕಟ್ಟುತ್ತಿರಲಿಲ್ಲ.