ಹೆಸರಿಲ್ಲದ ಶೀಸೆ

2021ರ ಜನವರಿ 21ರ ರಾತ್ರಿಯನ್ನು ಶಿವಮೊಗ್ಗ, ಭದ್ರಾವತಿಗಳ ಜನ ಮರೆತಿರಲಾರರು. ಗಂಟೆ ಹತ್ತು ದಾಟಿತ್ತು. ನೆಲ ನಡುಗಿತು, ಕಿಟಕಿ ಬಾಗಿಲುಗಳು ಅದುರಿದವು. ಭೂಕಂಪವೆಂದೇ ಬಗೆದು ಎಷ್ಟೋ ಮನೆಯವರು ಮಕ್ಕಳನ್ನೆತ್ತಿಕೊಂಡು ಬೀದಿಗೆ ಬಂದರು. ನಗರದ ಸಮೀಪದ ಹುಣಸೋಡಿನ ಕಲ್ಲುಕ್ವಾರಿ ಪ್ರದೇಶದಲ್ಲಿ ಸ್ಫೋಟಕಗಳು ಸಿಡಿದಿದ್ದವೆಂಬುದು ತಿಳಿದದ್ದು ಆಮೇಲೆ. ಕನಿಷ್ಠ ಐವರು ಪ್ರಾಣ ತೆತ್ತರು. ಪ್ರಿಯ ಓದುಗರೇ, ಆ ಸದ್ದು ಅಡಗಿದ ಮೇಲೂ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯಿತು: ನಮ್ಮ ಪಕ್ಕದಲ್ಲಿ ಏನಿದೆ, ಅದರ ಗುಣವೇನು ಎಂಬುದು ನಮಗೇಕೆ ಮೊದಲೇ ತಿಳಿದಿರುವುದಿಲ್ಲ?

ರಸಾಯನಗಳ ಒಡನಾಟ ನಮ್ಮ ನಾಡಿಗೆ ಹೊಸದಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿದಾಗ ಅದರ ಕುಲುಮೆಗೆ ಮಲೆನಾಡಿನ ಕಟ್ಟಿಗೆಯ ಇದ್ದಿಲೇ ಆಹಾರವಾಗಿತ್ತು. ಆ ಕಟ್ಟಿಗೆಯನ್ನು ಬಟ್ಟಿಯಿಳಿಸಿ ಮೆಥನಾಲ್, ಟಾರು ಮುಂತಾದ ಉಪಉತ್ಪನ್ನಗಳನ್ನೂ ಪಡೆಯುತ್ತಿದ್ದರು. ಕುಲುಮೆಯಿಂದ ಹೊಮ್ಮುವ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಕಣ್ಣು ಮೂಗುಗಳನ್ನು ನಂಬಿ ಅಲ್ಲಿ ಬದುಕಲಾಗದು, ತಿಳಿವಳಿಕೆಯೊಂದೇ ಆಸರೆ.

ತಿಳಿವಳಿಕೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲ ತೋರಿಸಿಕೊಟ್ಟಿತು. ಸಾವಿರಾರು ಜನ ಸತ್ತರು. ತಾವು ಉಸಿರಾಡುತ್ತಿರುವುದು ಯಾವ ವಿಷವೆಂದು ಓಡುತ್ತಿದ್ದ ಜನರಿಗೆ ಗೊತ್ತಿರಲಿಲ್ಲ. ಆಸ್ಪತ್ರೆಯ ವೈದ್ಯರಿಗೂ ಮೊದಮೊದಲು ಅದು ಸ್ಪಷ್ಟವಿರಲಿಲ್ಲ. ಆ ದುರಂತದ ತರುವಾಯ, 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ತಿದ್ದುಪಡಿ ಬಂತು. ಅಪಾಯಕಾರಿ ವಸ್ತುಗಳ ಮಾಹಿತಿಯನ್ನು ಕಾರ್ಮಿಕರಿಗೂ ನೆರೆಹೊರೆಯವರಿಗೂ ತಿಳಿಸುವುದು ಕಾರ್ಖಾನೆಯ ಕರ್ತವ್ಯವಾಯಿತು. ಆದರೆ ಕಾರ್ಖಾನೆಯ ಕಾಯಿದೆ ಶಾಲೆಯ ಪ್ರಯೋಗಾಲಯದ ಹೊಸ್ತಿಲನ್ನು ದಾಟುವುದಿಲ್ಲ. ಅಲ್ಲಿ ಆಮ್ಲದ ಶೀಸೆಯ ಮುಂದೆ ನಿಲ್ಲುವವರು ಹದಿಮೂರು ಹದಿನಾಲ್ಕರ ಮಕ್ಕಳು. ಅವರಿಗಿರುವ ಏಕೈಕ ರಕ್ಷೆ ಶಿಕ್ಷಕರು.

ಆ ಶಿಕ್ಷಕರಿಗಾಗಿ ನಡೆದ ಒಂದು ದಿನದ ತರಬೇತಿಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳುವ ಅವಕಾಶ ನನಗೊಮ್ಮೆ ದೊರೆತಿತ್ತು. ಶಿವಮೊಗ್ಗ, ಭದ್ರಾವತಿಗಳ ಶಾಲೆಗಳಿಂದ ಬಂದವರು ಅಲ್ಲಿದ್ದರು. ತರಬೇತಿ ನೀಡಲು ಬಂದಿದ್ದ ಹಿರಿಯ ರಸಾಯನತಜ್ಞರು ಭಾಷಣ ಆರಂಭಿಸಲಿಲ್ಲ. ಮೇಜಿನ ಮೇಲೆ ಚೀಟಿ ಕಳಚಿಹೋಗಿದ್ದ ಒಂದು ಶೀಸೆಯನ್ನಿಟ್ಟು, "ಇದರಲ್ಲಿ ಏನಿದೆ?" ಎಂದರು. ತಿಳಿಯಾದ ದ್ರವ. ನೀರೆಂದರು ಒಬ್ಬರು, ಆಮ್ಲವಿರಬಹುದೆಂದರು ಇನ್ನೊಬ್ಬರು, ಮೂಸಿ ನೋಡೋಣವೆಂದರು ಮತ್ತೊಬ್ಬರು. "ಹೆಸರಿಲ್ಲದ ಶೀಸೆಯೇ ಪ್ರಯೋಗಾಲಯದ ಅತಿ ದೊಡ್ಡ ವಿಷ," ಎಂದರು ಅವರು. ಸಭೆ ಮೌನವಾಯಿತು. ಆಮ್ಲದ ಆವಿಯೇ ಚೀಟಿಯನ್ನು ತಿಂದುಹಾಕಿದ ಇಂಥ ಶೀಸೆಗಳು ಎಷ್ಟು ಶಾಲೆಗಳ ಬೀರುಗಳಲ್ಲಿ ಧೂಳು ಹಿಡಿದು ಕುಳಿತಿವೆಯೋ!

ಅಂದು ಅವರು ಕಲಿಸಿದ್ದು ದೊಡ್ಡ ಶಾಸ್ತ್ರವೇನಲ್ಲ. ಗಂಧಕಾಮ್ಲವನ್ನು ತೆಳುಗೊಳಿಸುವಾಗ ನೀರಿಗೆ ಆಮ್ಲವನ್ನು ನಿಧಾನವಾಗಿ ಸೇರಿಸಬೇಕು. ಆಮ್ಲಕ್ಕೆ ನೀರು ಸುರಿದರೆ ಹುಟ್ಟುವ ಕಾವಿಗೆ ನೀರು ಕುದಿದು ಆಮ್ಲವನ್ನು ಮುಖಕ್ಕೆ ಎರಚುತ್ತದೆ. ಪಿಪೆಟ್ಟನ್ನು ಬಾಯಿಯಿಂದ ಹೀರಬಾರದು. ಅದಕ್ಕೆಂದೇ ರಬ್ಬರಿನ ಬಲ್ಬು ಇದೆ. ಉರಿಯುತ್ತಿರುವ ಸ್ಪಿರಿಟ್ ದೀಪಕ್ಕೆ ಸ್ಪಿರಿಟ್ ತುಂಬಬಾರದು; ಅದರ ಜ್ವಾಲೆ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ಸೋಡಿಯಂ ಸೀಮೆಎಣ್ಣೆಯಲ್ಲಿ ಮುಳುಗಿರಬೇಕು. ಉಷ್ಣಮಾಪಕ ಒಡೆದು ಪಾದರಸ ಚೆಲ್ಲಿದರೆ ಪೊರಕೆಯಿಂದ ಗುಡಿಸಬಾರದು. ಅದು ಇನ್ನಷ್ಟು ಸಣ್ಣ ಹನಿಗಳಾಗಿ ಒಡೆದು ಆವಿಯಾಗುತ್ತದೆ. ಕಣ್ಣಿಗೆ ಆಮ್ಲ ಸಿಡಿದರೆ ಮದ್ದು ಹುಡುಕುತ್ತಾ ಓಡದೆ, ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು, ಆಮೇಲೆ ವೈದ್ಯರ ಬಳಿಗೆ ಒಯ್ಯಬೇಕು. ಶೀಸೆಯ ಮೇಲೆ ಕೆಂಪು ಅಂಚಿನ ವಜ್ರಾಕೃತಿಯೊಳಗೆ ತಲೆಬುರುಡೆ, ಬೆಂಕಿ ಅಥವಾ ಕೈಯನ್ನು ಕೊರೆಯುವ ಹನಿಯ ಚಿತ್ರವಿದ್ದರೆ ಅದು ಅಲಂಕಾರವಲ್ಲ. ಅದು ಜಗತ್ತಿನ ಯಾವ ಭಾಷೆಯವರಿಗೂ ಅರ್ಥವಾಗಲೆಂದು ರೂಪಿಸಿದ ಎಚ್ಚರಿಕೆ.

ವಿರಾಮದಲ್ಲಿ ಒಬ್ಬ ಶಿಕ್ಷಕಿ ನನ್ನೊಡನೆ ಹೇಳಿದ ಮಾತು ಇಂದಿಗೂ ಮನಸ್ಸನ್ನು ಚುಚ್ಚುತ್ತದೆ: "ಫಾದರ್, ಪ್ರಯೋಗ ಮಾಡಿಸುವುದು ಹೇಗೆಂದು ನಮಗೆ ಕಲಿಸಿದರು, ಪ್ರಯೋಗ ತಪ್ಪಿದಾಗ ಏನು ಮಾಡಬೇಕೆಂದು ಯಾರೂ ಕಲಿಸಲಿಲ್ಲ. ಭಯವಾಗಿ ಈಗೀಗ ನಾನು ಪ್ರಯೋಗವನ್ನು ಕಪ್ಪು ಹಲಗೆಯ ಮೇಲೇ ಬರೆದು ಮುಗಿಸುತ್ತೇನೆ." ಯೋಚಿಸಿ ನೋಡಿ. ಸುರಕ್ಷತೆಯ ಅಜ್ಞಾನ ಒಂದು ಕಡೆ ಮಗುವಿನ ಕೈ ಸುಡುತ್ತದೆ. ಇನ್ನೊಂದು ಕಡೆ ಮಗುವಿನ ಕೈಯಿಂದ ವಿಜ್ಞಾನವನ್ನೇ ಕಸಿದುಕೊಳ್ಳುತ್ತದೆ. ತರಬೇತಿಯ ಉದ್ದೇಶ ಹೆದರಿಸುವುದಲ್ಲ, ಅಂಜದೆ ಕಲಿಸಲು ಶಿಕ್ಷಕರಿಗೆ ಧೈರ್ಯ ಕೊಡುವುದು.

2004ರ ಜುಲೈ 16ರಂದು ಕುಂಭಕೋಣದ ಶಾಲೆಯೊಂದರಲ್ಲಿ ಬೆಂಕಿ ಹತ್ತಿ 94 ಮಕ್ಕಳು ಬೆಂದುಹೋದರು. ಆ ಬಳಿಕ 2009ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು, ಸುರಕ್ಷಿತ ಶಾಲೆಯಲ್ಲಿ ಕಲಿಯುವುದು ಮಗುವಿನ ಶಿಕ್ಷಣದ ಹಕ್ಕಿನ ಭಾಗವೇ ಎಂದು ತೀರ್ಪಿತ್ತಿತು. ಶಾಲಾ ಕಟ್ಟಡದಲ್ಲಿ ಉರಿಯುವ, ವಿಷಕಾರಿ ವಸ್ತುಗಳನ್ನು ಇಡಬಾರದು, ಇಡುವುದು ಅನಿವಾರ್ಯವಾದರೆ ಸುರಕ್ಷಿತವಾಗಿ ಇಡಬೇಕೆಂದು ಆದೇಶಿಸಿತು. ಆದರೆ ಆದೇಶವು ಬೀರುವಿನ ಬಾಗಿಲನ್ನು ತಾನೇ ತೆರೆದು ನೋಡುವುದಿಲ್ಲ. ನೋಡಬೇಕಾದವರು ನಾವು.

ಮನೆಯೂ ಇದಕ್ಕೆ ಹೊರತಲ್ಲ. ಶೌಚಾಲಯ ತೊಳೆಯುವ ಆಮ್ಲವನ್ನು ಹಳೆಯ ತಂಪುಪಾನೀಯದ ಬಾಟಲಿಯಲ್ಲಿ ಇಟ್ಟಿಲ್ಲವೇ? ಅದೂ ಹೆಸರಿಲ್ಲದ ಶೀಸೆಯೇ. ಆ ಆಮ್ಲವೂ ಬ್ಲೀಚಿಂಗ್ ಪೌಡರೂ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಗಾಳಿಯಾಡದ ಸಣ್ಣ ಕೋಣೆಯಲ್ಲಿ ಅದು ಶ್ವಾಸಕೋಶವನ್ನೇ ಸುಡಬಲ್ಲದು. ಶಾಲೆಯಲ್ಲಿ ಇದನ್ನು ಕಲಿತ ಮಗು ಮನೆಗೆ ಬಂದು ತಾಯಿಗೆ ಹೇಳುತ್ತದೆ. ಒಬ್ಬ ಶಿಕ್ಷಕರಿಗೆ ಕೊಟ್ಟ ತರಬೇತಿ ಹೀಗೆ ನೂರು ಮನೆಗಳನ್ನು ಮುಟ್ಟುತ್ತದೆ.

ಹೊಸ ಮನೆ ಕಟ್ಟುವವನು ಮಾಳಿಗೆಗೆ ಸುತ್ತಲೂ ಕೈಪಿಡಿಗೋಡೆ ಕಟ್ಟಬೇಕೆಂಬ ವಿಧಿ ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿದೆ. ಯಾರೂ ಬೀಳುವ ಮುನ್ನವೇ ಗೋಡೆ ಏಳಬೇಕು. ಬಿದ್ದ ಮೇಲೆ ಮರುಗುವುದಷ್ಟೇ ಪ್ರೀತಿಯಲ್ಲ. ಶೀಸೆಗೆ ಅಂಟಿಸುವ ಚೀಟಿ, ಕಣ್ಣಿಗೆ ತೊಡಿಸುವ ಕನ್ನಡಕ, ಮೂಲೆಯಲ್ಲಿ ಸಿದ್ಧವಾಗಿರುವ ಮರಳಿನ ಬಕೆಟ್ ಇವೆಲ್ಲ ನಮ್ಮ ಕಾಲದ ಕೈಪಿಡಿಗೋಡೆಗಳು.

ಮುಂದಿನ ಪೋಷಕರ ಸಭೆಯಲ್ಲಿ ಮಗುವಿನ ಅಂಕಗಳನ್ನು ಕೇಳಿದ ಮೇಲೆ ಇನ್ನೆರಡು ಪ್ರಶ್ನೆಗಳನ್ನು ವಿನಯದಿಂದ ಕೇಳಿ: ಪ್ರಯೋಗಾಲಯದಲ್ಲಿ ನೀರಿನ ನಲ್ಲಿ ಕೆಲಸ ಮಾಡುತ್ತಿದೆಯೇ? ವಿಜ್ಞಾನ ಶಿಕ್ಷಕರಿಗೆ ಸುರಕ್ಷತೆಯ ತರಬೇತಿ ಸಿಕ್ಕಿದೆಯೇ? ಸಿಕ್ಕಿಲ್ಲವೆಂದರೆ ಶಿಕ್ಷಕರನ್ನು ದೂರಬೇಡಿ. ಅವರನ್ನು ಒಂದು ದಿನ ತರಬೇತಿಗೆ ಕಳುಹಿಸಿಕೊಡಿ ಎಂದು ಆಡಳಿತವನ್ನು ಒತ್ತಾಯಿಸಿ, ಖರ್ಚಿಗೆ ಹೆಗಲು ಕೊಡಿ. ಕಳೆಯುವುದು ಒಂದು ದಿನದ ಪಾಠ. ಉಳಿಯುವುದು ಒಂದು ಮಗುವಿನ ಕಣ್ಣು.