ಓದದೆ ಒತ್ತಿದ ಓಕೆ

ಡೊಂಬಿವಲಿಗೆ ಬಂದ ಹೊಸತು. ಧಾರವಾಡದಿಂದ ಅವ್ವ ಫೋನಿನಲ್ಲಿ ಹೇಳುತ್ತಿದ್ದ ಬೀಸುವ ಕಲ್ಲಿನ ಹಾಡುಗಳನ್ನು ನೋಟ್‌ಪ್ಯಾಡಿನಲ್ಲಿ, ಟ್ಯಾಗು ಸಮೇತ, ವೆಬ್ ಪುಟವಾಗಿ ಬರೆಯುತ್ತಿದ್ದೆ. ಸೇವ್ ಮಾಡುವಾಗ ಏನೋ ಎಚ್ಚರಿಕೆ ಬಂತು. ಓದದೆ ಓಕೆ ಒತ್ತಿದೆ. ಮರುದಿನ ತೆರೆದರೆ ಟ್ಯಾಗುಗಳೆಲ್ಲ ನೆಟ್ಟಗಿವೆ, ಕನ್ನಡವಿದ್ದಲ್ಲೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆ! ಆನ್ಸಿ ಎಂಬ ಆ ಹಳೆಯ ಎನ್‌ಕೋಡಿಂಗಿನಲ್ಲಿ ನಮ್ಮ ಅಕ್ಷರಗಳಿಗೆ ಜಾಗವೇ ಇರಲಿಲ್ಲ.

ಅವ್ವನಿಗೆ ಮತ್ತೆ ಫೋನು. "ಮತ್ತ ಮೊದಲಿಂದ ಹೇಳಬೇಕೇನಪಾ?" ಎನ್ನುತ್ತಲೇ ಹಾಡಿದಳು. ಎರಡು ತ್ರಿಪದಿ ನೆನಪಾಗಲೇ ಇಲ್ಲ.

ಈಗ ವಿಎಸ್ ಕೋಡ್ ತಾನಾಗಿಯೇ ಯುಟಿಎಫ್-8ರಲ್ಲಿ ಉಳಿಸುತ್ತದೆ. ಆದರೂ ಹೆಡ್ ಟ್ಯಾಗಿನೊಳಗೆ ಮೊದಲು ಮೆಟಾ ಚಾರ್‌ಸೆಟ್ ಸಾಲನ್ನೇ ಕೈಯಾರೆ ಬರೆಯುತ್ತೇನೆ. ಪುಟದಲ್ಲಿ ಎರಡು ಖಾಲಿ ಪ್ಯಾರಾ ಹಾಗೇ ಬಿಟ್ಟಿದ್ದೇನೆ. ಹೋದ ದೀಪಾವಳಿಗೆ ಚಿಕ್ಕವ್ವ ಒಂದರ ಮೊದಲ ಸಾಲು ಹೇಳಿದಳು.